25 ಸೈಕಲ್ ಎಂದು ಅಚ್ಚೊತ್ತಿರುವ ಹಳೆಯ ಫ್ಯಾನ್: ಈಗಿನ ಕರೆಂಟಿಗೆ ಹಾಕಬಹುದೇ?

ಹಳೆಯಂತ್ರ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಚಾಮರಾಜಪುರಂ ಕಡೆ ಕೆಡವಿದ ಒಂದು ಹಳೆಯ ಮನೆಯ ಸಾಮಾನು ನಮ್ಮ ಊರಿನ ಗುಜರಿ ಅಂಗಡಿಗೆ ಬಂದಿತ್ತು. ಮರದ ಕೇಸಿಂಗ್ ಪಟ್ಟಿಗಳು, ಪಿಂಗಾಣಿಯ ಫ್ಯೂಸ್ ಕಟ್ಟೆಗಳು, ಹಿತ್ತಾಳೆ ಟೊಪ್ಪಿಯ ಗುಂಡು ಸ್ವಿಚ್ಚುಗಳು. ಅವುಗಳ ಅಡಿಯಲ್ಲಿ ಒಂದು ಟೇಬಲ್ ಫ್ಯಾನ್ ಸಿಕ್ಕಿತು. ಎರಕದ ಕಬ್ಬಿಣದ ಬುಡ, ಹಿತ್ತಾಳೆಯ ನಾಲ್ಕು ರೆಕ್ಕೆ, ಮುಂದೆ ಕೈ ತೂರುವಷ್ಟು ಅಗಲ ಸಂದಿಯ ಜಾಲರಿ. ಹಿತ್ತಾಳೆಯನ್ನು ತೂಕಕ್ಕೆ ಮಾರಲು ಅಂಗಡಿಯವರು ಇನ್ನೇನು ರೆಕ್ಕೆ ಕೀಳುವವರಿದ್ದರು. ತೂಕದ ಬೆಲೆಗಿಂತ ಸ್ವಲ್ಪ ಹೆಚ್ಚು ಕೊಟ್ಟು ಬಿಡಿಸಿಕೊಂಡು ಬಂದೆ.

ತಯಾರಕರ ಹೆಸರು ಸವೆದುಹೋಗಿದೆ. ಆದರೆ ತಗಡಿನ ಮೇಲೆ ಎರಡು ಸಂಗತಿ ಸ್ಪಷ್ಟವಾಗಿವೆ: 220 ವೋಲ್ಟ್, 25 ಸೈಕಲ್ (ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಆವರ್ತಿಸುತ್ತದೆ ಎಂಬ ಲೆಕ್ಕ, ಈಗ ಹರ್ಟ್ಸ್ ಎನ್ನುತ್ತೇವೆ). ಇದನ್ನು ನೋಡಿದಾಗಿನಿಂದ ನನಗೆ ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ.

ಇಲ್ಲಿನ ವೈಂಡಿಂಗ್ ಅಂಗಡಿಯವರು "ಹಳೆಯ ಸುರುಳಿ ಕಿತ್ತು 50 ಸೈಕಲ್‌ಗೆ ಹೊಸದಾಗಿ ಸುತ್ತಿಕೊಡುತ್ತೇನೆ, ಸಂಜೆಗೆ ತೆಗೆದುಕೊಂಡು ಹೋಗಿ" ಎನ್ನುತ್ತಾರೆ. ನನಗೆ ಅದು ಬೇಡ. ಆ ಸುರುಳಿಯೇ ಹೋದರೆ ಉಳಿಯುವುದು ಹಿತ್ತಾಳೆಯ ಅಲಂಕಾರ ಮಾತ್ರ. ಇದನ್ನು ಈಗಿನ 230 ವೋಲ್ಟ್, 50 ಹರ್ಟ್ಸ್‌ಗೆ ನೇರವಾಗಿ ಹಾಕಬಹುದೇ? ಹಾಕಿದರೆ ಏನಾಗುತ್ತದೆ? ತಿಳಿದವರು ಹೇಳಿ.

ಹೊಸಬ, ಮದ್ದೂರು

ಸರ್, ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತಿದ್ದೇನೆ. ಭಾರತದಲ್ಲಿ 50, ಅಮೆರಿಕದಲ್ಲಿ 60 ಎಂದಷ್ಟೇ ನಮಗೆ ಹೇಳಿದ್ದಾರೆ. 25 ಎಲ್ಲಿಂದ ಬಂತು? ಹೊರದೇಶದಿಂದ ತಂದ ಫ್ಯಾನ್ ಇರಬಹುದೇ?

ಕಾವೇರಿತೀರ, ಮಳವಳ್ಳಿ

ತಮ್ಮಾ, ನಿನ್ನ ಊರಿನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಿಂದಲೇ ಬಂತು. ಶಿವನಸಮುದ್ರದಿಂದ.

1902ರ ಜೂನ್‌ನಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಸುಮಾರು 147 ಕಿಲೋಮೀಟರ್ ತಂತಿ. ಆ ಕಾಲಕ್ಕೆ ಏಷ್ಯಾದಲ್ಲಿ ಅಷ್ಟು ದೂರ ವಿದ್ಯುತ್ ಒಯ್ದವರು ಯಾರೂ ಇರಲಿಲ್ಲ. ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ನೀರಿನ ಚಕ್ರಗಳು ಸ್ವಿಟ್ಜರ್‌ಲೆಂಡಿನ ಎಷರ್ ವಿಸ್ ಕಂಪನಿಯವು. ಅಲ್ಲಿ ಉತ್ಪಾದನೆ ಆಗುತ್ತಿದ್ದುದೇ 25 ಸೈಕಲ್‌ನಲ್ಲಿ. ಬೆಂಗಳೂರಿನ ಬೀದಿದೀಪ 1905ರ ಆಗಸ್ಟ್‌ನಲ್ಲಿ, ಮೈಸೂರಿನ ದೀಪ 1908ರಲ್ಲಿ ಇದೇ ಕರೆಂಟಿನಿಂದ ಹೊತ್ತಿಕೊಂಡವು. ಚಾಮರಾಜಪುರಂನ ಮನೆಯೊಂದರಲ್ಲಿ 25 ಸೈಕಲ್‌ನ ಫ್ಯಾನ್ ಸಿಗುವುದರಲ್ಲಿ ಆಶ್ಚರ್ಯವೇ ಇಲ್ಲ.

ಈ ಯೋಜನೆಯ ಬೆನ್ನಿಗೆ ನಿಂತ ದಿವಾನ್ ಶೇಷಾದ್ರಿ ಅಯ್ಯರ್ ಅವರು ವಿದ್ಯುತ್ ಹರಿಯುವುದನ್ನು ಕಣ್ಣಾರೆ ನೋಡಲಿಲ್ಲ. 1901ರಲ್ಲೇ ತೀರಿಕೊಂಡರು. ನನಗೆ ಇದು ಪ್ರತಿ ಸಲವೂ ನೋವು ಕೊಡುವ ವಿಷಯ. ಆಗ ಮಹಾರಾಜರು ಇನ್ನೂ ಚಿಕ್ಕವರು, ರೀಜೆಂಟ್ ಆಗಿದ್ದವರು ಮಹಾರಾಣಿ ಕೆಂಪನಂಜಮ್ಮಣ್ಣಿ. ಆ ತಾಯಿಯ ಧೈರ್ಯವನ್ನು ಯಾರೂ ನೆನೆಯುವುದಿಲ್ಲ.

ತಾಮ್ರದ ತಂತಿ, ಮೈಸೂರು

ನೇರವಾಗಿ ಹಾಕಬೇಡಿ. ಸುಟ್ಟುಹೋಗುತ್ತದೆ. ಜೀವಮಾನವಿಡೀ ಮೋಟಾರ್ ಸುತ್ತಿದವನು ಹೇಳುತ್ತಿದ್ದೇನೆ.

ಬೋಧಕಿ, ಸರಸ್ವತಿಪುರಂ

ತಾಮ್ರದ ತಂತಿಯವರೇ, ನಿಮ್ಮ ಅನುಭವಕ್ಕೆ ಗೌರವವಿದೆ, ಆದರೆ ಇಲ್ಲಿ ದಿಕ್ಕು ತಿರುಗುಮುರುಗಾಗಿದೆ. 50 ಸೈಕಲ್‌ಗೆ ಮಾಡಿದ ಟ್ರಾನ್ಸ್‌ಫಾರ್ಮರನ್ನೋ ಮೋಟಾರನ್ನೋ ಅದೇ ವೋಲ್ಟೇಜಿನಲ್ಲಿ 25ಕ್ಕೆ ಹಾಕಿದರೆ ಕಬ್ಬಿಣದ ಕೋರ್ ಸ್ಯಾಚುರೇಟ್ ಆಗಿ (ಇನ್ನಷ್ಟು ಕಾಂತತ್ವ ಹಿಡಿಯಲಾರದೆ) ಕರೆಂಟ್ ಏರಿ ಸುಡುತ್ತದೆ. 25ರದ್ದನ್ನು 50ಕ್ಕೆ ಹಾಕಿದರೆ ಕೋರಿನಲ್ಲಿ ಕಾಂತೀಯ ಫ್ಲಕ್ಸ್ ಅರ್ಧಕ್ಕೆ ಇಳಿಯುತ್ತದೆ. ಸುರುಳಿಯ ರಿಯಾಕ್ಟನ್ಸ್ (ಎ.ಸಿ. ಕರೆಂಟಿಗೆ ಅದು ಒಡ್ಡುವ ತಡೆ) ಎರಡು ಪಟ್ಟಾಗುತ್ತದೆ. ಎಳೆಯುವ ಕರೆಂಟ್ ಕಡಿಮೆಯೇ ಆಗುತ್ತದೆ.

ಆದರೆ ಟಾರ್ಕ್ (ತಿರುಗಿಸುವ ಬಲ) ಸುಮಾರು ಕಾಲು ಭಾಗಕ್ಕೆ ಕುಸಿಯುತ್ತದೆ. ಎರಡು ಪೋಲ್‌ನ ಮೋಟಾರ್ ಎಂದಿಟ್ಟುಕೊಳ್ಳಿ: 25ರಲ್ಲಿ ಸಿಂಕ್ರೋನಸ್ ವೇಗ (ಕಾಂತಕ್ಷೇತ್ರ ತಿರುಗುವ ವೇಗ) ನಿಮಿಷಕ್ಕೆ 1500 ಸುತ್ತು, 50ರಲ್ಲಿ 3000. ಆ ವೇಗ ಮುಟ್ಟಲು ಅದಕ್ಕೆ ಶಕ್ತಿಯೇ ಇರುವುದಿಲ್ಲ. ಗುಂಯ್‌ಗುಟ್ಟುತ್ತಾ ನಿಂತರೂ ನಿಲ್ಲಬಹುದು, ಸೋಮಾರಿಯಾಗಿ ತಿರುಗಿದರೂ ತಿರುಗಬಹುದು.

ಹಳೆಯಂತ್ರ ಅವರೇ, ಅದಕ್ಕೂ ಮೊದಲು ಹಿಂದಿನ ಮುಚ್ಚಳ ಬಿಚ್ಚಿ ಕಾರ್ಬನ್ ಬ್ರಷ್ ಇವೆಯೇ ನೋಡಿ. ಬ್ರಷ್ ಮತ್ತು ಕಮ್ಯುಟೇಟರ್ ಇರುವ ಸೀರೀಸ್ ಮೋಟಾರ್ ಆಗಿದ್ದರೆ ಈ ಚಿಂತೆಯೇ ಇಲ್ಲ, ಅದಕ್ಕೆ ಆವರ್ತನದ ಹಂಗು ಕಡಿಮೆ.

ತಾಮ್ರದ ತಂತಿ, ಮೈಸೂರು

ಮೇಡಂ, ನಿಮ್ಮ ಲೆಕ್ಕ ಕಾಗದದ ಮೇಲೆ ಸರಿ. ನಾನು ಹೇಳುವುದು ಮೇಜಿನ ಮೇಲೆ ಆಗುವುದನ್ನು. ಟಾರ್ಕ್ ಸಾಲದೆ ಮೋಟಾರ್ ಕುಂಟಿದರೆ ಸ್ಲಿಪ್ (ಸಿಂಕ್ರೋನಸ್ ವೇಗಕ್ಕಿಂತ ಹಿಂದೆ ಬೀಳುವುದು) ಜಾಸ್ತಿ, ರೋಟರ್ (ತಿರುಗುವ ಭಾಗ) ಬಿಸಿಯಾಗುತ್ತದೆ. ರೆಕ್ಕೆ ನಿಧಾನವಾದರೆ ಸುರುಳಿಗೆ ತಗಲುವ ಗಾಳಿಯೂ ಕಡಿಮೆ. ಆ ಕಾಲದ ತಂತಿಗೆ ಎನಾಮೆಲ್ ಇರುವುದಿಲ್ಲ, ಹತ್ತಿ ನೂಲನ್ನು ಎರಡು ಪದರ ಸುತ್ತಿರುತ್ತಾರೆ. ತೇವ ಹೀರಿಕೊಂಡ ಹತ್ತಿ, ಒಣಗಿ ಪುಡಿಯಾದ ವಾರ್ನಿಷ್. ಅದಕ್ಕೆ ಕರೆಂಟ್ ಕಡಿಮೆಯೋ ಹೆಚ್ಚೋ ಎಂಬುದಕ್ಕಿಂತ ತಡೆಯುವ ಶಕ್ತಿ ಉಳಿದಿದೆಯೋ ಇಲ್ಲವೋ ಎಂಬುದೇ ಮುಖ್ಯ. ಯಾವ ಸೈಕಲ್‌ಗೆ ಹಾಕಿದರೂ ಒಣಗಿಸದೆ ಹಾಕಿದರೆ ಸುಡುವುದು ಖಂಡಿತ.

ಬೋಧಕಿ, ಸರಸ್ವತಿಪುರಂ

ಈ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಮೊದಲ ಸಲವೇ ಹೀಗೆ ವಿವರಿಸಿದ್ದರೆ ವಾದವೇ ಇರುತ್ತಿರಲಿಲ್ಲ.

ಎರಡು ಸೈಲೆನ್ಸರ್, ಯಾದವಗಿರಿ

ಯಾಕಿಷ್ಟು ಒದ್ದಾಟ? ಸುರುಳಿ ಹೊಸದಾಗಿ ಸುತ್ತಿಸಿ, ಬಳಸಿ. ಯಂತ್ರ ಇರುವುದು ಓಡುವುದಕ್ಕೆ. ನನ್ನ ಹತ್ತಿರ ಇಲ್ಲೇ ನಮ್ಮ ಯಾದವಗಿರಿಯಲ್ಲಿ ತಯಾರಾದ ಜಾವಾ ಬೈಕ್ ಇದೆ. 6 ವೋಲ್ಟ್‌ನ ಮಂಕು ಹೆಡ್‌ಲೈಟ್ ತೆಗೆಸಿ 12 ವೋಲ್ಟ್ ಮಾಡಿಸಿದ್ದೇನೆ. ರಾತ್ರಿ ಶ್ರೀರಂಗಪಟ್ಟಣದಿಂದ ಬರುವಾಗ ದಾರಿ ಕಾಣುತ್ತದೆ. ಅದರಿಂದ ಜಾವಾ ಜಾವಾ ಅಲ್ಲದೆ ಹೋಯಿತೇ?

ಹಳೆಯಂತ್ರ, ಮಂಡ್ಯ

ಅಣ್ಣಾ, ಜಾವಾ ಸಾವಿರಾರು ಇವೆ. ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಬಿಡಿಭಾಗ ಸಿಗುತ್ತವೆ, ಬಲ್ಲ ಮೆಕ್ಯಾನಿಕ್‌ಗಳಿದ್ದಾರೆ, ಜುಲೈನಲ್ಲಿ ಜಾವಾ ದಿನ ಎಂದು ನೀವೆಲ್ಲ ಮೆರವಣಿಗೆಯಲ್ಲಿ ಹೋಗುತ್ತೀರಿ. ನಾಳೆ ನೀವು ಮತ್ತೆ 6 ವೋಲ್ಟ್‌ಗೆ ಮರಳಬಹುದು. ಈ ಫ್ಯಾನಿನ ಸುರುಳಿ ಕಿತ್ತರೆ ಮರಳುವ ದಾರಿ ಇಲ್ಲ. ನಮ್ಮ ಜಿಲ್ಲೆಯ ಕರೆಂಟ್ ಒಂದು ಕಾಲದಲ್ಲಿ ಹೇಗಿತ್ತು ಎಂಬುದಕ್ಕೆ ಸಾಕ್ಷಿ ಹೇಳುವ ತಾಮ್ರ ಅದು.

ಬೋಧಕಿ ಮೇಡಂ, ಮುಚ್ಚಳ ಬಿಚ್ಚಿದೆ. ಬ್ರಷ್ ಇಲ್ಲ. ಅಳಿಲು ಪಂಜರದ ರೋಟರ್, ಎರಡು ಪೋಲ್, ಜೊತೆಗೆ ಸಣ್ಣ ತಂತಿಯ ಸ್ಟಾರ್ಟಿಂಗ್ ಸುರುಳಿ. ಬುಡದೊಳಗೆ ವೇಗ ಬದಲಿಸಲು ಟ್ಯಾಪಿಂಗ್ ಇರುವ ಒಂದು ಚೋಕ್ (ಕರೆಂಟ್ ತಡೆಯುವ ಸುರುಳಿ) ಇದೆ. ತಾಮ್ರದ ತಂತಿಯವರು ಹೇಳಿದಂತೆಯೇ ಹತ್ತಿ ನೂಲಿನ ಹೊದಿಕೆ.

ಬೋಧಕಿ, ಸರಸ್ವತಿಪುರಂ

ಹಾಗಾದರೆ ಇಂಡಕ್ಷನ್ ಮೋಟಾರೇ. ಚೋಕ್ ಕೂಡ 25ಕ್ಕೆ ಲೆಕ್ಕ ಹಾಕಿದ್ದು. 50ರಲ್ಲಿ ಅದರ ತಡೆಯೂ ಎರಡು ಪಟ್ಟು. ಕೆಳಗಿನ ವೇಗಗಳಲ್ಲಿ ಫ್ಯಾನ್ ಏಳುವುದೇ ಇಲ್ಲ. ಅದನ್ನು ಹೊಸದಾಗಿ ಸುತ್ತಿಸಬೇಡಿ ಎಂಬುದು ನನ್ನ ಅಭಿಪ್ರಾಯವೂ ಹೌದು. ಫ್ಯಾನ್ ಬದಲಿಸುವ ಬದಲು ಅದಕ್ಕೆ ಬೇಕಾದ ಕರೆಂಟನ್ನು ನಾವು ತಯಾರಿಸೋಣ.

ಹೊಸಬ, ಮದ್ದೂರು

ಮೇಡಂ, ಆಗ 25 ಯಾಕೆ ಆರಿಸಿಕೊಂಡರು? ದೀಪ ಮಿನುಗುವುದಿಲ್ಲವೇ?

ಬೋಧಕಿ, ಸರಸ್ವತಿಪುರಂ

ಒಳ್ಳೆಯ ಪ್ರಶ್ನೆ. ಅಮೆರಿಕದ ನಯಾಗರದಲ್ಲಿ 1895ರಲ್ಲಿ 25 ಸೈಕಲ್‌ನಲ್ಲೇ ಉತ್ಪಾದನೆ ಆರಂಭಿಸಿದರು. ಆಗಿನ ನೀರಿನ ಚಕ್ರಗಳು ನಿಧಾನ. ಎ.ಸಿ.ಯನ್ನು ಡಿ.ಸಿ. ಮಾಡುವ ರೋಟರಿ ಕನ್ವರ್ಟರುಗಳು, ಗಣಿಯ ದೊಡ್ಡ ನಿಧಾನ ಮೋಟಾರುಗಳು ಕಡಿಮೆ ಆವರ್ತನದಲ್ಲಿ ಚೆನ್ನಾಗಿ ನಡೆಯುತ್ತಿದ್ದವು. ಉದ್ದದ ತಂತಿಯಲ್ಲಿ ರಿಯಾಕ್ಟನ್ಸಿನಿಂದ ಬೀಳುವ ವೋಲ್ಟೇಜೂ ಕಡಿಮೆ. ಶಿವನಸಮುದ್ರದ ಮೊದಲ ಗಿರಾಕಿ ಗಣಿಯೇ ಹೊರತು ಮನೆಗಳಲ್ಲ. ಅಮೆರಿಕದಲ್ಲಿ ನ್ಯೂಯಾರ್ಕ್–ವಾಷಿಂಗ್ಟನ್ ರೈಲು ಮಾರ್ಗ ಇಂದಿಗೂ 25 ಹರ್ಟ್ಸ್‌ನಲ್ಲೇ ಓಡುತ್ತದೆ.

ದೀಪ ಮಿನುಗುತ್ತಿತ್ತು, ನಿಜ. ಸೆಕೆಂಡಿಗೆ 50 ಸಲ ಬೆಳಕು ಏರಿಳಿಯುತ್ತದೆ. ತೆಳು ಫಿಲಮೆಂಟಿನ ಸಣ್ಣ ಬಲ್ಬಿನಲ್ಲಿ ಕಣ್ಣಿಗೆ ಕಾಣುತ್ತದೆ, ದಪ್ಪ ಫಿಲಮೆಂಟ್ ಆದರೆ ಬಿಸಿ ಆರುವಷ್ಟರಲ್ಲಿ ಮತ್ತೆ ಕರೆಂಟ್ ಬಂದಿರುತ್ತದೆ.

ಒಂಟಿಕೊಪ್ಪಲು ನಿವಾಸಿ

ನಮ್ಮ ಮಾವನವರು "ಆಗ ದೀಪದ ಕೆಳಗೆ ಓದಿದರೆ ಅಕ್ಷರ ನಡುಗುತ್ತಿತ್ತು" ಎನ್ನುತ್ತಿದ್ದರು. ಕಣ್ಣಿನ ದೋಷ ಎಂದು ನಾವು ಅಂದುಕೊಂಡಿದ್ದೆವು. ಅವರು ಇದ್ದಿದ್ದರೆ ಈ ಮಾತನ್ನು ಓದಿ ಹೇಳುತ್ತಿದ್ದೆ.

ರೇಡಿಯೊಪ್ರಿಯ, ಕುವೆಂಪುನಗರ

ಒಂಟಿಕೊಪ್ಪಲು ಎಂದ ಕೂಡಲೇ ನನಗೆ ಬೇರೆ ನೆನಪು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಆಕಾಶವಾಣಿ ಆರಂಭಿಸಿದ್ದು ಅಲ್ಲಿನ ತಮ್ಮ ಮನೆಯಲ್ಲೇ. 30 ವ್ಯಾಟ್ ಟ್ರಾನ್ಸ್‌ಮಿಟರ್. ಮನಶ್ಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಸ್ವಂತ ಆಸಕ್ತಿಯಿಂದ ಮಾಡಿದ ಕೆಲಸ. ಹವ್ಯಾಸಿ ಎಂಜಿನಿಯರಿಂಗಿಗೆ ಇದಕ್ಕಿಂತ ದೊಡ್ಡ ಉದಾಹರಣೆ ನಮ್ಮ ಊರಿನಲ್ಲಿ ಯಾವುದಿದೆ?

ಹಳೆಯಂತ್ರ ಅವರೇ, ಆ ಗುಜರಿಯಲ್ಲಿ ವಾಲ್ವ್ ರೇಡಿಯೊ ಸೆಟ್ಟು ಏನಾದರೂ ಕಂಡಿತೇ? ಇ.ಎಲ್. 84 ವಾಲ್ವ್ ಬೇಕಾಗಿದೆ. ಬೆಂಗಳೂರಿನ ಬಿ.ಇ.ಎಲ್. ಕಂಪನಿ ತಯಾರಿಸಿದ್ದಾದರೆ ಇನ್ನೂ ಸಂತೋಷ.

ಹಳೆಯಂತ್ರ, ಮಂಡ್ಯ

ವಾಲ್ವ್ ಸೆಟ್ಟಿನ ಖಾಲಿ ಮರದ ಪೆಟ್ಟಿಗೆ ಮಾತ್ರ ಇತ್ತು, ಒಳಗೆ ಏನೂ ಇರಲಿಲ್ಲ. ಮುಂದಿನ ಭಾನುವಾರ ಮತ್ತೆ ಹೋಗುತ್ತೇನೆ, ನೋಡಿ ತಿಳಿಸುತ್ತೇನೆ.

ರೇಡಿಯೊಪ್ರಿಯ, ಕುವೆಂಪುನಗರ

ಸಿಕ್ಕರೆ ಅಲ್ಲೇ ಪ್ಲಗ್ ಹಾಕಿ ನೋಡಬೇಡಿ ದಯವಿಟ್ಟು. ಮೇಣದ ಕಾಗದದ ಕೆಪಾಸಿಟರುಗಳು ಸೋರುತ್ತಿರುತ್ತವೆ. ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಹೋಗುವ ಕೆಪಾಸಿಟರ್ ಸೋರಿದರೆ ವಾಲ್ವೂ ಹೋಗುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ ಹೋಗುತ್ತದೆ. ಎ.ಸಿ./ಡಿ.ಸಿ. ಸೆಟ್ಟಾದರೆ ಚಾಸಿಸ್ಸಿಗೇ ಕರೆಂಟ್ ಇರುತ್ತದೆ, ಮುಟ್ಟಿದರೆ ಜೀವಕ್ಕೆ ಅಪಾಯ. ಮೊದಲು ಸೀರೀಸ್ ಬಲ್ಬ್: ಕರೆಂಟ್ ಒಂದು ಬಲ್ಬಿನ ಮೂಲಕವೇ ಹೋಗಲಿ, ಶಾರ್ಟ್ ಇದ್ದರೆ ಬಲ್ಬ್ ಉರಿಯುತ್ತದಷ್ಟೇ.

ತಾಮ್ರದ ತಂತಿ, ಮೈಸೂರು

ಫ್ಯಾನಿಗೆ ಬನ್ನಿ. ಒಣಗಿಸುವ ಕ್ರಮ ಹೇಳುತ್ತೇನೆ. ಸ್ಟೇಟರನ್ನು (ಸುರುಳಿ ಇರುವ, ತಿರುಗದ ಭಾಗ) ಒಂದು ಮರದ ಪೆಟ್ಟಿಗೆಯಲ್ಲಿಟ್ಟು, 60 ವ್ಯಾಟಿನ ಹಳೆಯ ಮಾದರಿ ಬಲ್ಬನ್ನು ಸ್ವಲ್ಪ ದೂರದಲ್ಲಿ ಉರಿಸಿ. ಪೆಟ್ಟಿಗೆಗೆ ಮೇಲೊಂದು ಕೆಳಗೊಂದು ರಂಧ್ರ ಇರಲಿ, ತೇವ ಹೊರಹೋಗಬೇಕು. ಅವಸರ ಮಾಡಿ ಹೀಟ್ ಗನ್ ಹಿಡಿಯಬೇಡಿ, ನೂಲು ಕರಕಲಾಗುತ್ತದೆ. ದಿನಕ್ಕೊಮ್ಮೆ 500 ವೋಲ್ಟಿನ ಮೆಗ್ಗರಿನಲ್ಲಿ (ನಿರೋಧನ ಅಳೆಯುವ ಮೀಟರ್) ಸುರುಳಿಗೂ ಕಬ್ಬಿಣಕ್ಕೂ ನಡುವೆ ಅಳೆಯಿರಿ. ಮೊದಲು ಅಂಕಿ ಇಳಿಯುತ್ತದೆ, ಹೆದರಬೇಡಿ. ತೇವ ಕರಗಿ ಹೊರಬರುವಾಗ ಹಾಗೆಯೇ. ಆಮೇಲೆ ಏರಿ ಒಂದು ಕಡೆ ನಿಲ್ಲುತ್ತದೆ. ಒಂದು ಮೆಗಾ ಓಮ್‌ಗಿಂತ ಕೆಳಗೆ ನಿಂತರೆ ಕರೆಂಟ್ ಕೊಡುವ ಮಾತೇ ಇಲ್ಲ. ಚೆನ್ನಾಗಿ ಏರಿದ ಮೇಲೆ ಬಿಸಿ ಇರುವಾಗಲೇ ವಾರ್ನಿಷ್ ಕುಡಿಸಿ, ಮತ್ತೆ ಒಣಗಿಸಿ.

ಬುಷ್ ಗನ್ ಮೆಟಲ್ ಇರುತ್ತದೆ. ಗ್ರೀಸ್ ತುಂಬಬೇಡಿ. ಹಳೆಯ ಬತ್ತಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಉಣ್ಣೆಯ ಬತ್ತಿ ಹಾಕಿ ತೆಳು ಮೆಷಿನ್ ಎಣ್ಣೆ ಬಿಡಿ.

ಎರಡು ಸೈಲೆನ್ಸರ್, ಯಾದವಗಿರಿ

25 ಸೈಕಲ್ ಕರೆಂಟ್ ಎಲ್ಲಿಂದ ತರುತ್ತೀರಿ? ವಿ.ಎಫ್.ಡಿ. (ಆವರ್ತನ ಬದಲಿಸುವ ಎಲೆಕ್ಟ್ರಾನಿಕ್ ಸಾಧನ) ಹಾಕಿ, ಮುಗಿಯಿತು. ಬೇಕಾದ ಆವರ್ತನ ಒತ್ತಿದರೆ ಬರುತ್ತದೆ.

ಬೋಧಕಿ, ಸರಸ್ವತಿಪುರಂ

ಮೂರು ಫೇಸಿನ ಮೋಟಾರಾದರೆ ನಾನೇ ಮೊದಲು ಹೇಳುತ್ತಿದ್ದೆ. ಇದು ಒಂದೇ ಫೇಸ್. ಅದಕ್ಕಿಂತ ಮುಖ್ಯವಾಗಿ ವಿ.ಎಫ್.ಡಿ. ಕೊಡುವುದು ನಯವಾದ ಸೈನ್ ಅಲೆಯಲ್ಲ, ಸೆಕೆಂಡಿಗೆ ಸಾವಿರಾರು ಸಲ ಕಡಿದ ಚೂಪು ಪಲ್ಸುಗಳು. ಹತ್ತಿ ನೂಲಿನ ನಿರೋಧನ ಆ ಹೊಡೆತಕ್ಕೆಂದು ಮಾಡಿದ್ದಲ್ಲ. ಸೈನ್ ಫಿಲ್ಟರ್ ಇಲ್ಲದೆ ಬೇಡವೇ ಬೇಡ.

ನನ್ನ ಸಲಹೆ ಹೀಗಿದೆ. ಮೊಬೈಲಿನಲ್ಲೋ ಲ್ಯಾಪ್‌ಟಾಪಿನಲ್ಲೋ 25 ಹರ್ಟ್ಸ್‌ನ ಸೈನ್ ಅಲೆ, ಅಲ್ಲಿಂದ ಒಂದು ಗಟ್ಟಿಮುಟ್ಟಾದ ಆಡಿಯೊ ಆಂಪ್ಲಿಫೈಯರ್, ಅದರ ಮುಂದೆ ತಿರುಗಿಸಿ (ಕಡಿಮೆ ವೋಲ್ಟ್ ಒಳಗೆ, ಹೆಚ್ಚು ವೋಲ್ಟ್ ಹೊರಗೆ ಬರುವಂತೆ) ಹಾಕಿದ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್. ಇಲ್ಲಿ ಒಂದು ಎಚ್ಚರ: 50ರ ಟ್ರಾನ್ಸ್‌ಫಾರ್ಮರ್ 25ರಲ್ಲಿ ಅರ್ಧ ವೋಲ್ಟೇಜನ್ನಷ್ಟೇ ತಡೆಯುತ್ತದೆ. 230ರ ಸುರುಳಿ 115ಕ್ಕೆ ಸರಿ. ಹಾಗಾಗಿ 415 ವೋಲ್ಟಿನ ಸುರುಳಿ ಇರುವುದನ್ನು ಹುಡುಕಿ. ಅದು 25ರಲ್ಲಿ ಸುಮಾರು 207 ವೋಲ್ಟ್ ಕೊಡುತ್ತದೆ. ನಿಮ್ಮ 220ರ ಫ್ಯಾನಿಗೆ ಸಾಕು. ಆಂಪ್ಲಿಫೈಯರಿನಿಂದ ಡಿ.ಸಿ. ಸೋರಿ ಟ್ರಾನ್ಸ್‌ಫಾರ್ಮರಿಗೆ ಹೋಗದಂತೆ ನೋಡಿಕೊಳ್ಳಿ.

ಆಲೆಮನೆ, ಪಾಂಡವಪುರ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಮೊಬೈಲು, ಆಂಪ್ಲಿಫೈಯರು ಎಲ್ಲ ಯಾಕೆ? ನಮ್ಮ ಆಲೆಮನೆಯಲ್ಲಿ ತಾತನ ಕಾಲದ ಲಿಸ್ಟರ್ ಮಾದರಿಯ ಡೀಸೆಲ್ ಎಂಜಿನ್ ಇದೆ. ರಾಜಕೋಟೆಯಲ್ಲಿ ಎರಕ ಹೊಯ್ದದ್ದು, 6 ಅಶ್ವಶಕ್ತಿ, ನಿಮಿಷಕ್ಕೆ 650 ಸುತ್ತು. ಗಾಣಕ್ಕೆ ಈಗ ವಿದ್ಯುತ್ ಮೋಟಾರ್ ಇರುವುದರಿಂದ ಎಂಜಿನ್ ಬಿಡುವಾಗಿದೆ, ಆದರೆ ನಾನು ತಿಂಗಳಿಗೊಮ್ಮೆ ಓಡಿಸುತ್ತೇನೆ.

ಈಗ ಲೆಕ್ಕ ನೋಡಿ. ಸಾಮಾನ್ಯ ಆಲ್ಟರ್ನೇಟರ್ ನಾಲ್ಕು ಪೋಲ್, 1500 ಸುತ್ತಿಗೆ 50 ಸೈಕಲ್. ಅದನ್ನೇ 750ರಲ್ಲಿ ತಿರುಗಿಸಿದರೆ 25. ಎಂಜಿನ್ ಕಡೆ 15 ಅಂಗುಲದ ಪುಲ್ಲಿ, ಆಲ್ಟರ್ನೇಟರ್ ಕಡೆ 13 ಅಂಗುಲ. 650 ಸುತ್ತು ಸರಿಯಾಗಿ 750 ಆಗುತ್ತದೆ. ಶಿವನಸಮುದ್ರದಲ್ಲಿ ನೀರು ತಿರುಗಿಸಿದ್ದನ್ನು ನಮ್ಮಲ್ಲಿ ಎಂಜಿನ್ ತಿರುಗಿಸುತ್ತದೆ. ನಿಜವಾದ ತಿರುಗುವ ಯಂತ್ರದಿಂದ ಬಂದ ಕರೆಂಟು.

ಹೊಸಬ, ಮದ್ದೂರು

ಅದ್ಭುತ! ಆದರೆ ವೇಗ ಅರ್ಧವಾದರೆ ವೋಲ್ಟೇಜೂ ಅರ್ಧವಾಗುವುದಿಲ್ಲವೇ?

ಆಲೆಮನೆ, ಪಾಂಡವಪುರ

ಆಗುತ್ತದೆ. ಅದಕ್ಕೇ ಮೂರು ಫೇಸಿನ 415 ವೋಲ್ಟಿನ ಆಲ್ಟರ್ನೇಟರ್ ತೆಗೆದುಕೊಳ್ಳುವುದು. ಎರಡು ಫೇಸುಗಳ ನಡುವೆ 207 ಬರುತ್ತದೆ. ಮೇಡಂ ಹೇಳಿದ ಅಂಕಿಯೇ. ನಮ್ಮ ಕೊಟ್ಟಿಗೆಯಲ್ಲಿ ಸ್ಲಿಪ್ ರಿಂಗ್ ಇರುವ ಹಳೆಯದೊಂದು ಬಿದ್ದಿದೆ.

ಬೋಧಕಿ, ಸರಸ್ವತಿಪುರಂ

ಆಲೆಮನೆಯವರೇ, ಇದು ನನ್ನ ಆಂಪ್ಲಿಫೈಯರಿಗಿಂತ ಸೊಗಸಾದ ಪರಿಹಾರ. ಮನಸ್ಸು ತುಂಬಿ ಬಂತು. ಎರಡು ವಿಷಯ ಮಾತ್ರ. ಮೊದಲನೆಯದು, ಆಲ್ಟರ್ನೇಟರಿನಲ್ಲಿ ಸ್ವಯಂಚಾಲಿತ ವೋಲ್ಟೇಜ್ ನಿಯಂತ್ರಕ ಇದ್ದರೆ ಕಳಚಿಡಿ. ಅರ್ಧ ವೇಗದಲ್ಲೂ ಅದು ಪೂರ್ತಿ ವೋಲ್ಟೇಜಿಗೆ ಹಟ ಹಿಡಿದು ಕಾಂತಕ್ಷೇತ್ರ ಹುಟ್ಟಿಸುವ ಫೀಲ್ಡ್ ಸುರುಳಿಗೆ ಅತಿಯಾದ ಕರೆಂಟ್ ತಳ್ಳಬಹುದು. ಫೀಲ್ಡಿಗೆ ಬ್ಯಾಟರಿಯಿಂದ, ನಡುವೆ ರಿಯೊಸ್ಟಾಟ್ (ಬದಲಿಸಬಹುದಾದ ರೆಸಿಸ್ಟೆನ್ಸ್) ಇಟ್ಟು, ಸೊನ್ನೆಯಿಂದ ನಿಧಾನವಾಗಿ ಏರಿಸಿ. ಎರಡನೆಯದು, ಒಂದೇ ಸಿಲಿಂಡರಿನ ಎಂಜಿನ್ 650 ಸುತ್ತಿನಲ್ಲಿ ಸೆಕೆಂಡಿಗೆ ಐದಾರು ಸಲವಷ್ಟೇ ಹೊಡೆಯುತ್ತದೆ. ವೋಲ್ಟೇಜ್ ಸ್ವಲ್ಪ ತೂಗಾಡುತ್ತದೆ. ಅಲ್ಲಿ ಮಿನುಗುವ ಬಲ್ಬನ್ನು ನೋಡಿ ಅದು 25 ಸೈಕಲ್‌ನ ಮಿನುಗು ಎಂದು ತಿಳಿಯಬೇಡಿ, ಬಹುಪಾಲು ಎಂಜಿನ್ನಿನದೇ.

ತಾಮ್ರದ ತಂತಿ, ಮೈಸೂರು

ಬೆಲ್ಟಿಗೆ ಕಾವಲು ಹಾಕದೆ ಯಾರೂ ಹತ್ತಿರ ಹೋಗಬಾರದು. ಪಂಚೆ, ಟವೆಲ್ ಹೆಗಲ ಮೇಲೆ ಹಾಕಿಕೊಂಡು ಆಲೆಮನೆಯಲ್ಲಿ ಓಡಾಡುವವರು ಬಹಳ. ಬೆಲ್ಟಿಗೆ ಬಟ್ಟೆ ಸಿಕ್ಕಿ ಕೈ ಕಳೆದುಕೊಂಡವರನ್ನು ಕಂಡಿದ್ದೇನೆ.

ಕಾವೇರಿತೀರ, ಮಳವಳ್ಳಿ

ಫ್ಯಾನ್ ಒಣಗುವವರೆಗೆ ಒಂದು ಸಲಹೆ. ಹಳೆಯಂತ್ರ ಅವರೇ, ಶಿವನಸಮುದ್ರಕ್ಕೆ ಹೋಗಿದ್ದೀರಾ? ಬರೀ ಗಗನಚುಕ್ಕಿ, ಭರಚುಕ್ಕಿ ನೋಡಿ ಫೋಟೊ ತೆಗೆಸಿಕೊಂಡು ಬರುವುದಲ್ಲ. ವಿದ್ಯುದಾಗಾರ ಇರುವ ಬ್ಲಫ್ ಕಡೆ ಹೋಗಿ ಕಾಲುವೆಯನ್ನೂ ಕೆಳಗೆ ಇಳಿಯುವ ಪೆನ್‌ಸ್ಟಾಕ್ ಕೊಳವೆಗಳನ್ನೂ ನೋಡಬೇಕು.

ಹಳೆಯಂತ್ರ, ಮಂಡ್ಯ

ಹೋಗುತ್ತಲೇ ಇರುತ್ತೇನೆ ಸರ್. ಮದ್ದೂರು, ಮಳವಳ್ಳಿ ದಾರಿಯಲ್ಲಿ ಬೈಕಿನಲ್ಲಿ ಬೆಳಿಗ್ಗೆ ಬೇಗ ಹೊರಟರೆ ಬಿಸಿಲೇರುವ ಮೊದಲು ತಲುಪಬಹುದು. ಎಲ್ಲರೂ ಜಲಪಾತದ ಕಟಾಂಜನಕ್ಕೆ ಒರಗಿ ನಿಂತಿರುತ್ತಾರೆ, ನಾನು ನದಿಯ ಕಲ್ಲುಕಂಬದ ಹಳೆಯ ಸೇತುವೆಯ ಹತ್ತಿರ ಕುಳಿತು ಈ ನೀರನ್ನು ಕಾಲುವೆಗೆ ತಿರುಗಿಸಿದವರ ಬಗ್ಗೆ ಯೋಚಿಸುತ್ತೇನೆ. ಯೋಜನೆಯನ್ನು ರೂಪಿಸಿದ ಎಂಜಿನಿಯರ್ ಲಾಟ್ಬಿನಿಯರ್ ಕೆನಡಾದಲ್ಲಿ ಹುಟ್ಟಿದವರು. ಎತ್ತಿನ ಗಾಡಿಯ ಕಾಲದಲ್ಲಿ ಆ ಭಾರದ ಯಂತ್ರಗಳನ್ನು ಕಣಿವೆಗೆ ಇಳಿಸಿದ ನಮ್ಮ ಜನರ ಹೆಸರು ಎಲ್ಲೂ ಇಲ್ಲ.

ವಿದ್ಯುದಾಗಾರದ ಒಳಗೆ ಹೋಗಲು ಮೊದಲೇ ಅನುಮತಿ ಬೇಕು. ಅರ್ಜಿ ಕೊಟ್ಟಿದ್ದೇನೆ.

ಹೊಸಬ, ಮದ್ದೂರು

ಅನುಮತಿ ಸಿಕ್ಕರೆ ನನ್ನನ್ನೂ ಕರೆದುಕೊಂಡು ಹೋಗಿ ಸರ್. ಈಗಲೂ ಅಲ್ಲಿ ಉತ್ಪಾದನೆ ಇದೆಯೇ?

ಕಾವೇರಿತೀರ, ಮಳವಳ್ಳಿ

ಇದೆ. ಈಗ 42 ಮೆಗಾವ್ಯಾಟ್ ಸಾಮರ್ಥ್ಯ, 50 ಹರ್ಟ್ಸ್. ಇನ್ನೊಂದು ಮಾತು ತಿಳಿದುಕೋ. ಕನ್ನಂಬಾಡಿ ಕಟ್ಟೆ ಎಂದರೆ ನಮಗೆಲ್ಲ ನೀರಾವರಿ, ಕಬ್ಬು, ಭತ್ತ. ಆದರೆ ಆ ಅಣೆಕಟ್ಟಿನ ಹಿಂದಿದ್ದ ದೊಡ್ಡ ಕಾರಣಗಳಲ್ಲಿ ಒಂದು ಶಿವನಸಮುದ್ರಕ್ಕೆ ಬೇಸಿಗೆಯಲ್ಲೂ ತಪ್ಪದೆ ನೀರು ಒದಗಿಸುವುದು. ಗಣಿಗೆ ಕರೆಂಟ್ ತಪ್ಪಬಾರದಲ್ಲ. ಶಿವನಸಮುದ್ರ ಮೊದಲು, ಕನ್ನಂಬಾಡಿ ಆಮೇಲೆ.

ಒಂಟಿಕೊಪ್ಪಲು ನಿವಾಸಿ

ನನ್ನದೊಂದು ಭಿನ್ನಾಭಿಪ್ರಾಯ. ಇಷ್ಟು ಅಪರೂಪದ ವಸ್ತುವನ್ನು ಓಡಿಸುವ ಸಾಹಸವೇ ಬೇಡ. ಯಾವುದಾದರೂ ಸಂಗ್ರಹಾಲಯಕ್ಕೆ ಕೊಡಿ. 1979ರಿಂದ ನಮ್ಮಲ್ಲಿ ರೈಲ್ವೆ ಮ್ಯೂಸಿಯಂ ಇರುವುದರಿಂದಲೇ ಮಹಾರಾಣಿಯವರ ಸಲೂನ್ ಬೋಗಿ ಉಳಿದು ನಮ್ಮ ಮಕ್ಕಳು ನೋಡುವಂತಾಗಿದೆ. ಒಬ್ಬರ ಮನೆಯಲ್ಲಿದ್ದರೆ ಅವರ ನಂತರ ಮತ್ತೆ ಗುಜರಿಗೇ ಹೋಗುತ್ತದೆ.

ಹಳೆಯಂತ್ರ, ಮಂಡ್ಯ

ನಿಮ್ಮ ಕೊನೆಯ ಮಾತು ಚುಚ್ಚಿತು, ಏಕೆಂದರೆ ಅದು ನಿಜ. ನನ್ನ ಮಗಳಿಗೆ ಇದೆಲ್ಲ ತಿಳಿಸಿ ಬರೆದಿಡುತ್ತಿದ್ದೇನೆ. ಸಂಗ್ರಹಾಲಯದವರು ಕೇಳಿದರೆ ಪ್ರದರ್ಶನಕ್ಕೆ ಕೊಡಲು ಸಿದ್ಧ. ಆದರೆ ಅದಕ್ಕೂ ಮೊದಲು ಒಂದು ಸಲ ಅದು ತನ್ನದೇ ಕರೆಂಟಿನಲ್ಲಿ ತಿರುಗಬೇಕು.

ಆಲೆಮನೆ, ಪಾಂಡವಪುರ

ಪುಲ್ಲಿ ಸಿದ್ಧವಾಗಿದೆ. ಬನ್ನಿ.

ಹಳೆಯಂತ್ರ, ಮಂಡ್ಯ

ನಿನ್ನೆ ಪಾಂಡವಪುರಕ್ಕೆ ಹೋಗಿ ಬಂದೆ. ಬರೆಯಲು ಕೈ ನಿಲ್ಲುತ್ತಿಲ್ಲ, ಆದರೂ ಕ್ರಮವಾಗಿ ಹೇಳುತ್ತೇನೆ.

ಒಣಗಿಸಿ ವಾರ್ನಿಷ್ ಕುಡಿಸಿದ ಮೇಲೆ ಮೆಗ್ಗರ್ 20 ಮೆಗಾ ಓಮ್ ದಾಟಿತ್ತು. ಹಳೆಯ ಬಟ್ಟೆ ಹೊದಿಕೆಯ ತಂತಿಯನ್ನು ಪೊಟ್ಟಣ ಕಟ್ಟಿ ಎತ್ತಿಟ್ಟು, ಮೂರು ಎಳೆಯ ಹೊಸ ತಂತಿ ಹಾಕಿ ಎರಕದ ಬುಡಕ್ಕೆ ಅರ್ಥ್ ಕೊಟ್ಟಿದ್ದೆ. ಆಲೆಮನೆಯವರು ಬೆಲ್ಟಿಗೆ ಕಬ್ಬಿಣದ ಜಾಲರಿಯ ಕಾವಲು ಮಾಡಿಸಿದ್ದರು. ಎಂಜಿನ್ನಿನ ಡಿಕಂಪ್ರೆಷನ್ ಲಿವರ್ ಎತ್ತಿ ಹ್ಯಾಂಡಲ್ ತಿರುಗಿಸಿ, ಗಾಲಿ ವೇಗ ಹಿಡಿದ ಮೇಲೆ ಲಿವರ್ ಬಿಟ್ಟರು. ಗುಡುಗುಡು ಎಂದು ಎದ್ದಿತು. ಮಲ್ಟಿಮೀಟರಿನಲ್ಲಿ ಆವರ್ತನ 24.8. ಫೀಲ್ಡಿಗೆ ಬ್ಯಾಟರಿ ಕೊಟ್ಟು ರಿಯೊಸ್ಟಾಟ್ ತಿರುಗಿಸುತ್ತಾ ಹೋದೆವು. ಮೊದಲು 60 ವ್ಯಾಟಿನ ಬಲ್ಬನ್ನು ಸೀರೀಸಿನಲ್ಲಿ ಇಟ್ಟುಕೊಂಡೆವು, ಎಲ್ಲೂ ಶಾರ್ಟ್ ಇಲ್ಲ ಎಂದು ಖಚಿತವಾದ ಮೇಲೆ ತೆಗೆದೆವು.

120 ವೋಲ್ಟಿನ ಹತ್ತಿರ ರೆಕ್ಕೆ ಅಲುಗಿತು. 200 ಆಗುವಷ್ಟರಲ್ಲಿ ಪೂರ್ತಿ ವೇಗ! ಗಾಳಿ ಎಂದರೆ ಗಾಳಿ, ಗಾಣದ ಪಕ್ಕದಲ್ಲಿ ಒಣಗಲು ಹಾಕಿದ್ದ ಕಬ್ಬಿನ ಸಿಪ್ಪೆ ಹಾರಿತು. ಮೋಟಾರಿನ ಗುಂಯ್‌ಕಾರ ಈಗಿನ ಫ್ಯಾನುಗಳಿಗಿಂತ ಒಂದು ಸ್ಥಾಯಿ ಕೆಳಗೆ. ಆಲೆಮನೆಯವರ ತಾಯಿ ಬಂದು ಬಹಳ ಹೊತ್ತು ಎದುರಿಗೆ ಕುಳಿತರು, ಹೊಸ ಬೆಲ್ಲವನ್ನೂ ಕೊಟ್ಟರು.

ಆಮೇಲೆ ಕುತೂಹಲಕ್ಕೆ ಬೋಧಕಿ ಮೇಡಂ ಮತ್ತು ತಾಮ್ರದ ತಂತಿಯವರ ವಾದವನ್ನೂ ಪರೀಕ್ಷಿಸಿದೆವು. ಊರಿನ 50 ಸೈಕಲ್ ಕರೆಂಟಿಗೆ ಸೀರೀಸ್ ಬಲ್ಬಿನ ಮೂಲಕ ಹಾಕಿದಾಗ ಗುಂಯ್‌ಗುಟ್ಟಿತು, ತಿರುಗಲಿಲ್ಲ. ವೀಡಿಯೊ ಹಾಕಿದ್ದೇನೆ.

ತಾಮ್ರದ ತಂತಿ, ಮೈಸೂರು

ಸೀರೀಸ್ ಬಲ್ಬ್ ಇದ್ದರೆ ಹಾಗೇ ಆಗುತ್ತದೆ, ಬಲ್ಬೇ ವೋಲ್ಟೇಜ್ ತಿನ್ನುತ್ತದೆ. ಅದರಿಂದ ನನ್ನ ವಾದವೂ ಗೆಲ್ಲಲಿಲ್ಲ, ಮೇಡಂ ವಾದವೂ ಗೆಲ್ಲಲಿಲ್ಲ. ಆದರೆ ಬಲ್ಬ್ ತೆಗೆದು ಪರೀಕ್ಷಿಸುವ ಆಸೆ ಬೇಡ. ಅದಿರಲಿ, ಎಷ್ಟು ಹೊತ್ತು ಓಡಿಸಿದಿರಿ? ಸುರುಳಿಯ ಬಿಸಿ ಅಳೆದಿರಾ? ಮೇಲೆ ಕೈ ಇಟ್ಟು ನೋಡಿದರೆ ಒಳಗಿನ ಬಿಸಿ ತಿಳಿಯುವುದಿಲ್ಲ.

ಎರಡು ಸೈಲೆನ್ಸರ್, ಯಾದವಗಿರಿ

ವೀಡಿಯೊ ನೋಡಿದೆ. ಸುತ್ತಿಸಿ ಎಂದವನು ನಾನೇ. ಇದನ್ನು ನೋಡಿದ ಮೇಲೆ ನನ್ನ ಜಾವಾದ ಹಳೆಯ 6 ವೋಲ್ಟಿನ ಡೈನಮೊ ಎಲ್ಲಿಟ್ಟಿದ್ದೇನೆ ಎಂದು ಅಟ್ಟದ ಮೇಲೆ ಹುಡುಕಿದೆ. ಇದೆ. ಇಗ್ನಿಷನ್ ಪಾಯಿಂಟುಗಳ ಅಂತರ 0.4 ಮಿಲಿಮೀಟರ್ ತಾನೇ? ಯಾರಾದರೂ ಖಚಿತಪಡಿಸಿ.

ರೇಡಿಯೊಪ್ರಿಯ, ಕುವೆಂಪುನಗರ

ಹೌದು, 0.4. ಜಾವಾದ ಮಾತಿಗೆ ಬೇರೆ ಚರ್ಚೆ ತೆರೆಯಿರಿ ದಯವಿಟ್ಟು, ಅಲ್ಲಿ ನಾನೂ ಬರುತ್ತೇನೆ. ವಾಲ್ವ್ ಮರೆಯಬೇಡಿ ಹಳೆಯಂತ್ರ ಅವರೇ.

ಹಳೆಯಂತ್ರ, ಮಂಡ್ಯ

ತಾಮ್ರದ ತಂತಿಯವರೇ, ಒಂದು ಗಂಟೆ ಓಡಿಸಿದೆವು. ಮುಖ್ಯ ಸುರುಳಿಯ ರೆಸಿಸ್ಟೆನ್ಸ್ ತಣ್ಣಗಿದ್ದಾಗ 41 ಓಮ್, ನಿಲ್ಲಿಸಿದ ಕೂಡಲೇ ಅಳೆದಾಗ 46. ಕೊಟ್ಟಿಗೆಯೊಳಗಿನ ಉಷ್ಣಾಂಶ 32 ಡಿಗ್ರಿ. ಇದು ಹೆಚ್ಚಾಯಿತೇ?

ಬೋಧಕಿ, ಸರಸ್ವತಿಪುರಂ

ಹೆಚ್ಚಲ್ಲ. ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ ಸುಮಾರು ಶೇಕಡಾ 0.39 ಏರುತ್ತದೆ. ನಿಮ್ಮದು ಶೇಕಡಾ 12 ಏರಿದೆ, ಎಂದರೆ ಸುಮಾರು 31 ಡಿಗ್ರಿ. ಕೊಟ್ಟಿಗೆಯ 32 ಕೂಡಿದರೆ ಸುರುಳಿ ಸರಾಸರಿ 63ರಲ್ಲಿದೆ. ವಾರ್ನಿಷ್ ಕುಡಿಸಿದ ಹತ್ತಿಗೆ 105ರವರೆಗೆ ಮಿತಿ. ಏಪ್ರಿಲ್‌ನ ಬಿಸಿಲಿನಲ್ಲೂ ಸಾಕಷ್ಟು ಅಂತರ ಉಳಿಯುತ್ತದೆ. ಕಡಿಮೆ ವೇಗದಲ್ಲಿ ಓಡಿಸುವಾಗ ಬುಡದ ಚೋಕನ್ನೂ ಹೀಗೆಯೇ ಅಳೆಯಿರಿ. ಅದಕ್ಕೆ ರೆಕ್ಕೆಯ ಗಾಳಿ ತಗಲುವುದಿಲ್ಲ.

ತಾಮ್ರದ ತಂತಿ, ಮೈಸೂರು

63 ಆದರೆ ನನ್ನದೂ ಒಪ್ಪಿಗೆ. ಮುಂದಿನ ಸಲ ಓಡಿಸುವ ಮೊದಲು ಜಾಲರಿಯ ಹಿಂದೆ ತೆಳುವಾದ ತಂತಿ ಬಲೆಯನ್ನು ಕೊಕ್ಕೆಯಿಂದ ಸಿಕ್ಕಿಸಿ, ಬೆಸುಗೆ ಹಾಕಬೇಡಿ. ಆಲೆಮನೆಗೆ ಮಕ್ಕಳು ಬರುತ್ತಾರೆ. ಮೆಗ್ಗರನ್ನು ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ಹಿಡಿಯಿರಿ, ನಾನೇ ತೆಗೆದುಕೊಂಡು ಬರುತ್ತೇನೆ.